ಚಿಕ್ಕಣ್ಣನ ಟಗರು ಬಿ.ದುರ್ಗಕ್ಕೆ ಹೋದ ವರ್ಷ

ಹೋದ ವಾರ ಹೊಸದುರ್ಗದಿಂದ ಶ್ರೀರಾಂಪುರಕ್ಕೆ ಬರುವ ಬಸ್ಸಿನಲ್ಲಿ ಒಬ್ಬ ಮುದುಕ ನನ್ನ ಪಕ್ಕದ ಸೀಟಿಗೆ ಬಂದು ಕೂತ. ಹೊರಗೆ ಜಿನುಗು ಮಳೆ. ಅವನ ಹೆಗಲ ಮೇಲಿನ ಕರಿ ಕಂಬಳಿ ನೆನೆದು ಭಾರವಾಗಿತ್ತು. ಮುಂದಿನ ಸೀಟಿನ ಕಾಲೇಜು ಹುಡುಗಿ ಮೂಗಿಗೆ ದುಪಟ್ಟಾ ಹಿಡಿದುಕೊಂಡಳು. ನಾನು ಹಿಡಿದುಕೊಳ್ಳಲಿಲ್ಲ. ಹಿಂದೆ ಒಂದು ವರ್ಷ ಪೂರ್ತಿ ಆ ನೆಂದ ಉಣ್ಣೆಯ ವಾಸನೆ ನನ್ನ ಬಟ್ಟೆ, ಬ್ಯಾಗು, ಊಟದ ಡಬ್ಬಿ ಯಾವುದನ್ನೂ ಬಿಟ್ಟಿರಲಿಲ್ಲ. ಊರು ಬರುವಷ್ಟರಲ್ಲಿ ಆ ವರ್ಷ ಪೂರ್ತಿ ಒಂದು ಸಲ ತಲೆಯೊಳಗೆ ಸುತ್ತಿ ಬಂತು.

ನಮ್ಮಪ್ಪ ಹೊಸದುರ್ಗದ ಮಂಡಿಗಳಲ್ಲಿ ಮೂಟೆ ಹೊತ್ತವನು. ಅವ್ವ ಕಳೆ ಕೀಳಲು ಹೋದವಳು. ನಮ್ಮ ಮನೆತನದಲ್ಲಿ ಡಿಗ್ರಿ ಎಂದು ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಬಂದದ್ದಲ್ಲ ಅದು. ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿದ್ದೆ ಎಂಬ ಒಂದೇ ಕಾರಣಕ್ಕೆ ಮಾಂಸದ ಕುರಿಗಳ ತಳಿ ಸುಧಾರಿಸುವ ಒಂದು ಯೋಜನೆಯಲ್ಲಿ ಒಂದು ವರ್ಷದ ಕೆಲಸ ಸಿಕ್ಕಿತು. ಕೆಲಸ ಚೆನ್ನಾಗಿ ನಡೆದರೆ ಮುಂದುವರಿಸುತ್ತೇವೆ ಎಂದಿದ್ದರು. ಕೈಗೆ ಕೊಟ್ಟದ್ದು ಒಂದು ಸ್ಪ್ರಿಂಗ್ ತಕ್ಕಡಿ, ಮರಿಯನ್ನು ಮಲಗಿಸಿ ತೂಗಲು ಕ್ಯಾನ್ವಾಸಿನ ಜೋಲಿ, ಕಿವಿಗೆ ನಂಬರ್ ಬಿಲ್ಲೆ ಚುಚ್ಚುವ ಇಕ್ಕಳ, ಎರಡು ದಪ್ಪ ಪುಸ್ತಕ. ಅಪ್ಪ ತಕ್ಕಡಿಯನ್ನು ಎತ್ತಿ ಹಿಡಿದು ನೋಡಿ, "ನಾನು ಹೊತ್ತಿದ್ದು ಸಾಲ್ದು ಅಂತ ನೀನು ತೂಗಾಕೆ ಹೊಂಟಿದೀಯ" ಎಂದು ನಕ್ಕ.

ಯೋಜನೆಯ ಡಾಕ್ಟರು ಚಿತ್ರದುರ್ಗದ ಆಫೀಸಿನಲ್ಲಿ ಕೂರುತ್ತಿದ್ದರು. ನಿವೃತ್ತಿಗೆ ಹತ್ತಿರವಾದ, ದಣಿದ, ಒಳ್ಳೆಯ ಮನುಷ್ಯ. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಕೆಲಸ ತಿಳಿಸಿದರು. ಹೊಳಲ್ಕೆರೆ ಕಡೆಯ ಬಿ.ದುರ್ಗದಲ್ಲಿ ಹನುಮಂತಪ್ಪನ ಮಂದೆ ಇದೆ. ಮೆಕ್ಕೆಜೋಳದ ದಂಟು, ಕೆರೆ ಅಂಗಳದ ಹುಲ್ಲು, ಬೇಕಾದಷ್ಟು ಮೇವು. ಮರಿಗಳು ದುಂಡಗೆ ಬೆಳೆಯುತ್ತವೆ. ಹಿರಿಯೂರಿನ ಆಚೆ, ನಾಲೆಯ ನೀರು ಕಾಣದ ಕಲ್ಲು ನೆಲದಲ್ಲಿ ಚಿಕ್ಕಣ್ಣನ ಮಂದೆ ಇದೆ. ಅಲ್ಲಿ ಜಾಲಿಕಾಯಿ ಬಿದ್ದರೆ ಹಬ್ಬ. ಮರಿಗಳು ಸಣ್ಣವು. "ಬರೀ ತೂಕ ನೋಡಿ ಟಗರು ಆರಿಸಿದರೆ ನಾವು ಆರಿಸೋದು ಮೇವನ್ನಮ್ಮ, ಟಗರನ್ನಲ್ಲ" ಎಂದರು. ಟಗರು ತನ್ನ ಮರಿಗೆ ಬೀಜದಲ್ಲಿ ಎಷ್ಟು ಬೆಳವಣಿಗೆ ಕೊಡುತ್ತದೆಯೋ ಅದು ತಳಿಮೌಲ್ಯ. ಎರಡು ಊರಿನ ಟಗರುಗಳ ತಳಿಮೌಲ್ಯ ಹೋಲಿಸಬೇಕಾದರೆ ಎರಡೂ ಟಗರಿನ ಮರಿಗಳು ಒಂದೇ ಮಂದೆಯಲ್ಲಿ, ಒಂದೇ ಮೇವು ತಿಂದು ಬೆಳೆಯಬೇಕು. ಅಂದರೆ ಒಂದು ಟಗರು ಊರು ದಾಟಿ ಹೋಗಬೇಕು. ಅದಕ್ಕೆ ಡಾಕ್ಟರು ಕೊಂಡಿ ಟಗರು ಎನ್ನುತ್ತಿದ್ದರು.

ಕೇಳಿದಾಗ ನನಗೆ ಎದೆ ತುಂಬಿ ಬಂದಿತ್ತು. ಕರೆಂಟಿಲ್ಲದ ಮನೆಯಲ್ಲಿ ಓದಿದವಳ ಅಂಕವನ್ನೂ ಟ್ಯೂಷನ್ ಮನೆಯವರ ಅಂಕವನ್ನೂ ಒಂದೇ ಪಟ್ಟಿಯಲ್ಲಿ ನೋಡಿ ನೋಡಿ ಬೇಸತ್ತವಳು ನಾನು. ನ್ಯಾಯವಾಗಿ ಹೋಲಿಸುವ ದಾರಿಯೊಂದು ಇದೆ, ಅದು ಲೆಕ್ಕದಲ್ಲಿದೆ, ಆ ಲೆಕ್ಕ ನನಗೆ ಬರುತ್ತದೆ! ಆ ಹುರುಪಿನಲ್ಲಿಯೇ ಹಿರಿಯೂರಿನ ಬಸ್ಸು ಹತ್ತಿದೆ.

ಚಿಕ್ಕಣ್ಣ ಅರವತ್ತು ದಾಟಿದ ಸಣಕಲು ಆಳು. ಅವನ ಟಗರೂ ಹಾಗೆಯೇ. ಕಂದು ಬಣ್ಣ, ಗಟ್ಟಿ ಕಾಲು, ನೋಡಲು ದೊಡ್ಡದೇನಲ್ಲ. ಕಿವಿಗಳಂತೂ ಯಾರೋ ಕತ್ತರಿಸಿದಂತೆ ಮೊಟಕು, ಹೆಬ್ಬೆರಳಿನಷ್ಟು. ಅವನ ಅಪ್ಪನ ಕಾಲದಿಂದ ಅದೇ ಪೀಳಿಗೆ. ಯೋಜನೆಗೆ ಸೇರಿದ ಮಂದೆಗಳಿಗೆ ಜಂತಿನ ಔಷಧಿ, ಲಸಿಕೆ ಸಿಗುತ್ತಿದ್ದವು. ಆದರೆ ಒಂದು ಷರತ್ತು: ಹೋಲಿಕೆಯಲ್ಲಿ ಸೋತ ಟಗರಿನ ಬೀಜ ಒಡೆಯಬೇಕು, ಮಂದೆಗೆ ಗೆದ್ದ ತಳಿಯನ್ನೇ ಹಾಕಬೇಕು. ಚಿಕ್ಕಣ್ಣ ಹೆಬ್ಬೆಟ್ಟು ಒತ್ತುವ ಮುಂಚೆ ಅದನ್ನು ಎರಡು ಸಲ ಓದಿಸಿ ಕೇಳಿದ.

"ಸೋತ್ರೆ ಒಡೀತೀರಿ ಅಂತಾಯ್ತು."

"ಸೋಲಾದಿಲ್ಲ ದೊಡ್ಡಪ್ಪ. ಈ ಬಿಸಿಲಾಗೆ, ಈ ಕಲ್ಲಾಗೆ ಇಷ್ಟು ಮರಿ ಬೆಳೆಸ್ತೈತೆ ಅಂದ್ರೆ ಅಲ್ಲಿಗೆ ಹೋದ್ರೆ ಗೆದ್ದೇ ಗೆಲ್ಲುತ್ತೆ" ಎಂದೆ.

"ನೀನು ಓದ್ದೋಳು. ನೀನೇ ಹೇಳ್ತೀಯ ಅಂದ್ರೆ ಆತು ಬಿಡವ್ವ" ಎಂದು ಒತ್ತಿದ.

ಆ ಮಾತನ್ನು ಹೇಳಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಿದ್ದೆ.

ಜೂನ್ ತಿಂಗಳು. ಹಿರಿಯೂರಿನಲ್ಲಿ ಮಳೆಗೆ ಬದಲು ಗಾಳಿ ಬೀಸುತ್ತಿತ್ತು, ಕಣ್ಣು ಬಿಡಲಾಗದ ಮಣ್ಣು ಗಾಳಿ. ಗೂಡ್ಸ್ ಆಟೋದಲ್ಲಿ ಟಗರನ್ನು ಕಟ್ಟಿಕೊಂಡು ಚಿಕ್ಕಣ್ಣ, ನಾನು ಹೊರಟೆವು. ಹೊಳಲ್ಕೆರೆ ದಾಟುವಾಗ ಹಸಿರು ಕಂಡಿತು, ಮಳೆಯೂ ಹಿಡಿಯಿತು. ಬಿ.ದುರ್ಗದಲ್ಲಿ ಹನುಮಂತಪ್ಪ ಕುರಿ ಕೂಡುವ ರೊಪ್ಪದ ಮುಂದೆಯೇ ನಿಂತಿದ್ದ. ದೊಡ್ಡ ಮೈ, ದೊಡ್ಡ ನಗೆ. ಹಿಂದೆ ಅವನ ಹೆಂಡತಿ ಕೆಂಚಮ್ಮ.

"ಏನಪ್ಪ, ಮನೆಅಳಿಯನ್ನ ಕರ್ಕಂಡ್ ಬಂದೇಬಿಟ್ರಾ! ಕಿವಿ ಎಲ್ಲಿ ಬಿಟ್ಟು ಬಂದ ಇವನು?" ಎಂದ ಹನುಮಂತಪ್ಪ.

"ಅತ್ತೆ ಮಾತು ಕೇಳ್ಬಾರ್ದು ಅಂತ ಮನೇಲೇ ಬಿಟ್ಟು ಬಂದವ್ನೆ" ಎಂದ ಚಿಕ್ಕಣ್ಣ, ಕೆಂಚಮ್ಮನ ಕಡೆ ನೋಡಿ.

ಎಲ್ಲರೂ ನಕ್ಕೆವು. ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಕೊಟ್ಟರು. ಹೊರಡುವಾಗ ಚಿಕ್ಕಣ್ಣ ಟಗರಿನ ಹಣೆ ಉಜ್ಜಿ, "ಚೆನ್ನಾಗಿ ನೋಡ್ಕಳ್ರಿ" ಎಂದಷ್ಟೇ ಹೇಳಿದ. ಹನುಮಂತಪ್ಪ ತನ್ನ ಟಗರನ್ನು ಮಾತ್ರ ಹಿರಿಯೂರಿಗೆ ಕಳಿಸಲು ಒಪ್ಪಲಿಲ್ಲ. "ಆ ಬಿಸಿಲಿಗೆ ತಡೆಯಾಕಿಲ್ಲ ಮೇಡಂ, ನಮ್ದು ಮನೆಮಗ ಇದ್ದಂಗೆ" ಎಂದ. ಹಾಗಾಗಿ ಎರಡು ಮಂದೆಗಳ ನಡುವೆ ಇದ್ದ ಕೊಂಡಿ ಚಿಕ್ಕಣ್ಣನ ಟಗರು ಒಂದೇ.

ಯಾವ ಕುರಿ ಯಾವ ಟಗರಿಗೆ ಗಬ್ಬವಾಯಿತು ಎಂದು ತಿಳಿಯಲು ಸುಲಭದ ಉಪಾಯವಿತ್ತು. ಟಗರಿನ ಎದೆಗೆ ಬಣ್ಣ ಬಳಿಯುವುದು. ಅದು ಹಾರಿದ ಕುರಿಯ ಬೆನ್ನಿನ ಹಿಂಭಾಗಕ್ಕೆ ಬಣ್ಣ ಹತ್ತುತ್ತದೆ. ಚಿಕ್ಕಣ್ಣನ ಟಗರಿಗೆ ಕೆಂಪು, ಹನುಮಂತಪ್ಪನದಕ್ಕೆ ನೀಲಿ. ಬಣ್ಣದ ಡಬ್ಬಿಗಳನ್ನು ಕೆಂಚಮ್ಮನ ಕೈಗೆ ಕೊಟ್ಟು, ದಿನಾ ಬೆಳಗ್ಗೆ ಎದೆಗೆ ಬಳಿಯಬೇಕು ಎಂದು ತೋರಿಸಿದೆ. ಪ್ರತಿ ಬುಧವಾರ ಹೋಗಿ ಯಾವ ಕುರಿಗೆ ಯಾವ ಬಣ್ಣ ಎಂದು ಬರೆದುಕೊಳ್ಳುತ್ತಿದ್ದೆ. ಶ್ರೀರಾಂಪುರದಿಂದ ಹೊಸದುರ್ಗ, ಅಲ್ಲಿಂದ ಹೊಳಲ್ಕೆರೆ, ಅಲ್ಲಿಂದ ಬಿ.ದುರ್ಗ, ಮೂರು ಬಸ್ಸು ಹೋಗಲು, ಮೂರು ಬಸ್ಸು ಬರಲು. ಪುಸ್ತಕ ನೆನೆಯದಂತೆ ಎದೆಗೆ ಅವಚಿಕೊಂಡು ನಾನು ನೆನೆಯುತ್ತಿದ್ದೆ. ಆದರೂ ಹೋದಾಗಲೆಲ್ಲ ಬಣ್ಣಗಳು ಅಚ್ಚುಕಟ್ಟಾಗಿ ಇರುತ್ತಿದ್ದವು. ಕೆಂಪು ಬೇರೆ, ನೀಲಿ ಬೇರೆ. ಒಂದರ ಮೇಲೊಂದು ಬಿದ್ದದ್ದು ಒಂದೂ ಇಲ್ಲ. ಮಳೆಯಲ್ಲಿ ತೊಳೆದು ಹೋದದ್ದೂ ಇಲ್ಲ.

"ಎರಡು ಟಗರು ಗುದ್ದಾಡ್ತಾವೇನೋ ಅಂತ ಹೆದರಿದ್ದೆ ಕೆಂಚಮ್ಮಕ್ಕ" ಎಂದೆ ಒಂದು ದಿನ.

"ಇಲ್ಲ ತಾಯಿ, ಅಣ್ಣತಮ್ಮರಂಗವೆ" ಎಂದಳು. ನಾನು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ಬೆದೆಗಾಲದಲ್ಲಿ ಒಂದೇ ಮಂದೆಯಲ್ಲಿ ಎರಡು ಟಗರು ಅಣ್ಣತಮ್ಮಂದಿರಂತೆ ಇರುವುದಿಲ್ಲ ಎಂದು ನಮ್ಮೂರಿನ ಯಾವ ಕುರಿಯವನನ್ನು ಕೇಳಿದ್ದರೂ ಹೇಳುತ್ತಿದ್ದ. ನಾನು ಕೇಳಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ಟಗರನ್ನು ಹಿರಿಯೂರಿಗೆ ವಾಪಸು ಬಿಟ್ಟೆವು. ಬಿ.ದುರ್ಗದ ಮೇವಿಗೆ ಅದು ಚೆನ್ನಾಗಿ ಮೈಕೈ ತುಂಬಿಕೊಂಡಿತ್ತು. "ಅಳಿಯ ಉಂಡು ಬಂದವ್ನೆ" ಎಂದು ಚಿಕ್ಕಣ್ಣ ಖುಷಿಪಟ್ಟ. ಆಮೇಲೆ ಅದನ್ನು ತನ್ನ ಕುರಿಗಳಿಗೆ ಬಿಟ್ಟುಕೊಂಡ.

ನವೆಂಬರಿಗೆ ಬಿ.ದುರ್ಗದಲ್ಲಿ ಮರಿ ಬೀಳತೊಡಗಿದವು. ಇಬ್ಬನಿಯಲ್ಲಿ ಮಂದೆಯ ಮೈಯಿಂದ ಹಬೆ ಏಳುತ್ತಿತ್ತು. ಹುಟ್ಟಿದ ಮರಿಯನ್ನು ಜೋಲಿಗೆ ಹಾಕಿ ತೂಗುವುದು, ಎಡಗಿವಿಗೆ ಬಿಲ್ಲೆ ಚುಚ್ಚುವುದು, ತಾಯಿಯ ನಂಬರು ನೋಡಿ ಅಪ್ಪನ ಹೆಸರು ಬರೆಯುವುದು. ಹಿರಿಯೂರಿನ ಮರಿಗಳು ಬಂದದ್ದು ಸಂಕ್ರಾಂತಿಯ ಹೊತ್ತಿಗೆ. ಅಲ್ಲಿ ಬಿಲ್ಲೆ ಚುಚ್ಚುವುದು ದೊಡ್ಡ ಪಾಡು. ಅರ್ಧಕ್ಕರ್ಧ ಮರಿಗಳಿಗೆ ಅಪ್ಪನಂತೆಯೇ ಮೊಟಕು ಕಿವಿ. ಬಿಲ್ಲೆ ನಿಲ್ಲುವಷ್ಟು ಜಾಗವೇ ಇಲ್ಲ. ಕೊನೆಗೆ ದಾರಕ್ಕೆ ಪೋಣಿಸಿ ಕುತ್ತಿಗೆಗೆ ಕಟ್ಟಿದೆ. "ಎಂಥ ಕಿವಿ ದೊಡ್ಡಪ್ಪ ಇವು!" ಎಂದು ಬೈದೂ ಇದ್ದೆ. "ಹಿಡಿಯಾಕೆ ಸಿಗಾದಿಲ್ಲ, ಮುಳ್ಳಿಗೂ ಸಿಗಾದಿಲ್ಲ, ಬಿಡು" ಎಂದಿದ್ದ ಅವನು.

ಬಿ.ದುರ್ಗದ ಮರಿಗಳಿಗೆ ಮೂರು ತಿಂಗಳು ತುಂಬಿದಾಗ ಮತ್ತೆ ತೂಗಿದೆ. ಫೆಬ್ರವರಿಯ ಬಿಸಿಲಿನಲ್ಲಿ ಪುಸ್ತಕ ಹರಡಿಕೊಂಡು ಲೆಕ್ಕ ಹಾಕಿದೆ. ಕೆಂಪು ಗುರುತಿನ ಮರಿಗಳು ನೀಲಿ ಗುರುತಿನವುಗಳಿಗಿಂತ ಹಗುರ. ತಪ್ಪಿರಬೇಕೆಂದು ಮತ್ತೆ ಕೂಡಿದೆ, ಮತ್ತೆ ಭಾಗಿಸಿದೆ. ಅದೇ ಉತ್ತರ. ಒಂದೇ ಮಂದೆ, ಒಂದೇ ಮೇವು, ಒಂದೇ ಮಳೆ. ನೆಪ ಹೇಳಲು ಏನೂ ಉಳಿದಿರಲಿಲ್ಲ. ಚಿಕ್ಕಣ್ಣನ ಟಗರು ಸೋತಿತ್ತು. ವರದಿ ಬರೆದು, ಕೆಳಗೆ ನನ್ನ ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಸೇರಿಸಿ ಸಹಿ ಹಾಕಿದೆ. ಆವತ್ತು ಆ ಮೂರಕ್ಷರ ಬರೆಯುವಾಗ ಮೊದಲ ಸಲ ಖುಷಿಯಾಗಲಿಲ್ಲ.

ಯುಗಾದಿ ಕಳೆದ ಮೇಲೆ ಬೀಜ ಒಡೆಯಲು ಹೋದೆವು. ಡಾಕ್ಟರು, ಕಾಂಪೌಂಡರು, ನಾನು. ನಾನು ಬರಬೇಕಾಗಿರಲಿಲ್ಲ. ಆದರೆ ಗೆಲ್ಲುತ್ತೆ ಎಂದು ಹೇಳಿದವಳು ನಾನು. ಸೋತದ್ದನ್ನು ಬೇರೆಯವರ ಬಾಯಲ್ಲಿ ಕೇಳಿಸುವುದು ಸರಿ ಕಾಣಲಿಲ್ಲ. ಬಿಸಿಲಿಗೆ ಹೊಂಗೆಯ ನೆರಳೊಂದೇ ದಿಕ್ಕು. ನಾನು ಹೇಳಿದ್ದನ್ನು ಚಿಕ್ಕಣ್ಣ ಕೇಳಿಸಿಕೊಂಡ. ಟಗರನ್ನು ತಾನೇ ಹಿಡಿದು ತಂದ, ತಾನೇ ಕೆಡವಿಕೊಂಡ, ಅದರ ಕುತ್ತಿಗೆಯ ಮೇಲೆ ಮೊಣಕಾಲೂರಿ ಕೂತ. ಕಾಂಪೌಂಡರು ಬೀಜ ಒಡೆಯುವ ದೊಡ್ಡ ಇಕ್ಕಳ ಬಿಚ್ಚಿದರು. ಅಷ್ಟರಲ್ಲಿ ಚಿಕ್ಕಣ್ಣ, ಜಗಳಕ್ಕಲ್ಲ, ಮಗಳ ಮನೆ ಸುದ್ದಿ ಕೇಳುವವನಂತೆ ಕೇಳಿದ:

"ಅಲ್ಲಿ ಮರಿಗಳು ಹೆಂಗವೆ ಅವ್ವ ನೋಡಾಕೆ?"

"ಚೆನ್ನಾಗವೆ ದೊಡ್ಡಪ್ಪ."

"ಕಿವಿ? ಎಷ್ಟಕ್ಕೆ ಗಿಡ್ಡ ಬಂದವೆ?"

ಬಿ.ದುರ್ಗದ ಒಂದೊಂದು ಮರಿಯ ಕಿವಿಯನ್ನೂ ನಾನೇ ಎಡಗೈಯಲ್ಲಿ ಹಿಡಿದು, ನರ ತಪ್ಪಿಸಿ, ಬಿಲ್ಲೆ ಚುಚ್ಚಿದ್ದೆ. ಎಲ್ಲವೂ ಎಲೆಯಂತೆ ಜೋತುಬಿದ್ದ ಉದ್ದ ಕಿವಿಗಳು. ಒಂದೇ ಒಂದಕ್ಕೂ ದಾರ ಕಟ್ಟುವ ಪ್ರಮೇಯ ಬಂದಿರಲಿಲ್ಲ.

"ಒಂದಕ್ಕೂ ಇಲ್ಲ" ಎಂದೆ.

ಚಿಕ್ಕಣ್ಣ ಟಗರಿನ ಮೇಲಿನಿಂದ ಏಳಲಿಲ್ಲ. ನನ್ನನ್ನೇ ನೋಡಿದ. "ನಮ್ಮಪ್ಪನ ಕಾಲದಿಂದ ಎಲ್ಲಿ ಬಿಟ್ರೂ ಹತ್ತು ಮರಿ ಬಿದ್ರೆ ನಾಕೈದಕ್ಕಾದ್ರೂ ಗಿಡ್ಡ ಕಿವಿ ಬರ್ತಾವೆ. ಒಂದಕ್ಕೂ ಇಲ್ಲ ಅಂದ್ರೆ ಅವು ಇದ್ರ ಮರಿ ಅಲ್ಲ ಕಣವ್ವ."

"ಸಾರ್, ನಿಲ್ಸಿ" ಎಂದೆ.

"ನಿನ್ನ ಲೆಕ್ಕವೇ ತಾನೇ?" ಎಂದರು ಡಾಕ್ಟರು.

"ಕೂಡಿದ್ದು ಕಳೆದದ್ದು ಸರಿ ಐತೆ ಸಾರ್. ಬರ್ಕಂಡು ಬಂದಿದ್ದೇ ತಪ್ಪು."

ಅವರು ಟೋಪಿ ತೆಗೆದು ಬೆವರು ಒರೆಸಿಕೊಂಡರು. ಒಂದು ವಾರ ಸಮಯ ಕೊಡುತ್ತೇನೆ, ಖಚಿತ ಮಾಡಿಕೊಂಡು ಬಾ ಎಂದರು. ಚಿಕ್ಕಣ್ಣ ಮೊಣಕಾಲು ತೆಗೆದ. ಟಗರು ಎದ್ದು ಮೈ ಕೊಡವಿಕೊಂಡು ಅಲ್ಲೇ ನಿಂತಿತು.

ಮರುದಿನವೇ ಬಿ.ದುರ್ಗಕ್ಕೆ ಹೋದೆ. ಅವತ್ತು ಬುಧವಾರವಾಗಿರಲಿಲ್ಲ. ನನ್ನನ್ನು ನೋಡಿ ಕೆಂಚಮ್ಮ ಗಲಿಬಿಲಿಗೊಂಡಳು. ಹನುಮಂತಪ್ಪ ಸಂತೆಗೆ ಹೋಗಿದ್ದ. ನಾನು ಸುತ್ತು ಬಳಸಲಿಲ್ಲ.

"ಕೆಂಚಮ್ಮಕ್ಕ, ಆ ಟಗರನ್ನ ಕುರಿಗೆ ಬಿಟ್ಟಿದ್ರಾ ಇಲ್ವಾ?"

ಅವಳು ಸೆರಗಿನ ತುದಿ ತಿರುವಿದಳು. "ಬೈಯಾದಿಲ್ಲ ಅಂದ್ರೆ ಹೇಳ್ತೀನಿ."

"ಹೇಳು."

"ಹೊಟ್ಟೆಗೆ ಗೋಣಿ ಕಟ್ಟಿದ್ವಿ ತಾಯಿ." ಕಾಲವಲ್ಲದ ಕಾಲದಲ್ಲಿ ಮರಿ ಬೀಳಬಾರದೆಂದು ಟಗರಿನ ಹೊಟ್ಟೆಯ ಕೆಳಗೆ ಗೋಣಿಯ ತುಂಡು ಕಟ್ಟುವುದು ಕುರಿಯವರಲ್ಲಿ ಇದ್ದದ್ದೇ, ಕಟ್ಟಿದರೆ ಟಗರು ಹಾರಿದರೂ ಗಬ್ಬ ನಿಲ್ಲುವುದಿಲ್ಲ. "ನೀವು ಬರೋ ಬುಧವಾರ ಬಿಚ್ಚಿ, ಅವತ್ತೆಲ್ಲ ಹಗ್ಗದಾಗೆ ಕಟ್ಟಾಕ್ತಿದ್ವಿ. ನಮ್ಮಲ್ಲಿ ಬೀಗರ ಮಂದೆ ಟಗರು ಬಿಟ್ರೆ ಬೇರೇದು ಹಾರಿಸಾದಿಲ್ಲ. ಹೆಣ್ಣು ಕೊಟ್ಟು ತಂದಿರೋ ಮನೇದಾದ್ರೆ ಸರಿ. ಇದು ಯಾರದ್ದೋ ಏನೋ. ಹಂಗಂತ ಸರ್ಕಾರದೋರು ಅಷ್ಟು ದೂರದಿಂದ ತಂದಿದ್ದನ್ನ ಬ್ಯಾಡ ಅನ್ನಾಕೂ ಆಗಾದಿಲ್ಲ."

"ಮತ್ತೆ ಬಣ್ಣ?"

"ಕೆಂಪೂ ನಾನೇ, ನೀಲೀನೂ ನಾನೇ." ಅವಳಿಗೆ ತಡೆಯಲಾಗದೆ ನಗು ಬಂತು, ಬಂದ ಕೂಡಲೆ ಬಾಯಿ ಮುಚ್ಚಿಕೊಂಡಳು. "ನೀವು ಮಳೇಲಿ ನೆನ್ಕಂಡು ಬರ್ತಿದ್ರಿ. ಬಣ್ಣ ಕಾಣ್ದಿದ್ರೆ ಬೇಜಾರು ಮಾಡ್ಕಂತೀರಿ ಅಂತ ಮಂಗಳವಾರ ಸಂಜೆ ಕುಂತು ಬಳೀತಿದ್ದೆ."

"ಯಾವ ಕುರಿಗೆ ಯಾವ ಬಣ್ಣ ಅಂತ ಹೆಂಗೆ ಬಳೀತಿದ್ದೆ?"

"ಒಳ್ಳೇವಕ್ಕೆ ನೀಲಿ. ಹಲ್ಲು ಬಿದ್ದವು, ಚೊಚ್ಚಲವು, ಅವಕ್ಕೆ ಕೆಂಪು. ಒಳ್ಳೆ ಕುರಿ ಮ್ಯಾಲೆ ಬೇರೆಯೋರ ಟಗರಿನ ಹೆಸ್ರು ಯಾಕೆ ಬರೆಯಾದು ಅಂತ."

ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಮುದಿ ಕುರಿಗಳ ಮರಿ, ಚೊಚ್ಚಲ ಕುರಿಗಳ ಮರಿ. ಹಗುರ ಇರದೆ ಇನ್ನೇನಿರುತ್ತವೆ? ಎರಡೂ ಬಣ್ಣದ ಮರಿಗಳಿಗೆ ಹನುಮಂತಪ್ಪನ ಟಗರೇ ಅಪ್ಪ. ನಾನು ವಾರವಾರವೂ ಮೂರು ಬಸ್ಸು ಬದಲಿಸಿ ಬಂದು, ಒಂದೇ ಟಗರನ್ನು ಅದರ ಜೊತೆಗೇ ಹೋಲಿಸಿ ಹೋಗಿದ್ದೆ. ಕೋಪ ಮಾಡಿಕೊಳ್ಳಲೂ ಶಕ್ತಿ ಇರಲಿಲ್ಲ. ನನಗೆ ಬೇಜಾರಾಗಬಾರದು ಎಂದು ಮಾಡಿದ ಕೆಲಸ ಅದು. ಯಾರ ಮನೆಗೆ ಯಾರ ಮನೆಯ ಹೆಣ್ಣು ಬಂದಿದ್ದಾಳೆ ಎಂದು ಮೊದಲೇ ಕೇಳಿದ್ದರೆ, ಮಂದೆಯಿಂದ ಮಂದೆಗೆ ಟಗರು ಹೋಗಿಬರುವ ದಾರಿ ತಾನಾಗಿ ಸಿಗುತ್ತಿತ್ತು. ಬೀಗರ ನಡುವೆ ಕೊಂಡಿಗಳು ಎಷ್ಟೋ ತಲೆಮಾರಿನಿಂದ ಇದ್ದವು. ನಮ್ಮ ಯೋಜನೆಯ ಪುಸ್ತಕದಲ್ಲಿ ಆ ಪ್ರಶ್ನೆಗೆ ಕಾಲಂ ಇರಲಿಲ್ಲ.

"ಏನಾದ್ರೂ ತಪ್ಪಾಯ್ತಾ ತಾಯಿ?" ಎಂದಳು ಕೆಂಚಮ್ಮ, ನೀರು ತಂದುಕೊಟ್ಟು.

"ಆಯ್ತು" ಎಂದೆ. "ನಂದೂ ಐತೆ."

ಚಿತ್ರದುರ್ಗದ ಆಫೀಸಿನಲ್ಲಿ ಡಾಕ್ಟರು ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ವರದಿ ಮೇಲಿನವರಿಗೆ ಹೋಗಿದೆ. ವಾಪಸು ತೆಗೆದುಕೊಂಡರೆ ಈ ವರ್ಷದ ಕೆಲಸವೆಲ್ಲ ಸೊನ್ನೆ. ನಿನ್ನನ್ನು ಮುಂದುವರಿಸಿ ಅಂತ ಯಾವ ಮುಖ ಇಟ್ಟುಕೊಂಡು ಕೇಳಲಿ? ಸುಮ್ಮನಿದ್ದರೆ ಒಂದು ಟಗರು ಹೋಗುತ್ತೆ, ಅಷ್ಟೇ. ಯೋಚನೆ ಮಾಡು."

ಹೆದರಿಸಲು ಹೇಳಿದ್ದಲ್ಲ ಅದು, ಇದ್ದದ್ದನ್ನು ಹೇಳಿದರು. ನಾನು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆ. ಸುಳ್ಳು ಹೇಳಬಾರದು ಎನ್ನುವ ದೊಡ್ಡ ಮಾತೇನೂ ನೆನಪಾಗಲಿಲ್ಲ. ಊರಿನಲ್ಲಿ ಅಪ್ಪನ ಬೆನ್ನು ನೋವು ನೆನಪಾಯಿತು, ಕೆಲಸ ಮುಂದುವರಿಯುವ ಆಸೆ ನೆನಪಾಯಿತು. ಆಮೇಲೆ, ಎರಡು ಸಲ ಓದಿಸಿ ಕೇಳಿ ಒತ್ತಿದ ಆ ಹೆಬ್ಬೆಟ್ಟು. ಒಳಗೆ ಹೋಗಿ ಬಿಳಿ ಹಾಳೆ ಕೇಳಿ ಬರೆದೆ: ಬಿ.ದುರ್ಗದ ಮಂದೆಯಲ್ಲಿ ಹಿರಿಯೂರಿನ ಟಗರಿಗೆ ಹುಟ್ಟಿದ ಒಂದು ಮರಿಯೂ ಇಲ್ಲ. ಎರಡು ಮಂದೆಗಳ ನಡುವೆ ಕೊಂಡಿ ಇಲ್ಲ. ಈ ಟಗರುಗಳ ತಳಿಮೌಲ್ಯವನ್ನು ಹೋಲಿಸಲು ಆಧಾರ ಇಲ್ಲ. ಹಿಂದಿನ ವರದಿ ತಪ್ಪು, ತಪ್ಪು ನನ್ನದು. ಕೆಳಗೆ ಹೆಸರು, ಮುಂದೆ ಬಿ.ಎಸ್ಸಿ. ಡಾಕ್ಟರು ಓದಿ, ತಾವೂ ಸಹಿ ಹಾಕಿದರು.

ಹಿರಿಯೂರಿನ ಮಂದೆಯನ್ನೂ ಬಿ.ದುರ್ಗದ ಮಂದೆಯನ್ನೂ ಯೋಜನೆಯಿಂದ ಕೈಬಿಟ್ಟರು. ಷರತ್ತೂ ಬಿದ್ದುಹೋಯಿತು. ಏಪ್ರಿಲ್ ಕೊನೆಗೆ ನಾನು ತಕ್ಕಡಿ, ಜೋಲಿ, ಇಕ್ಕಳ ವಾಪಸು ಕೊಟ್ಟೆ. ಮುಂದುವರಿಕೆಯ ಆದೇಶ ಬರಲಿಲ್ಲ. ಆಮೇಲೆ ನಾಲ್ಕು ವರ್ಷ ಅಲ್ಲಿ ಇಲ್ಲಿ ಪಾಠ ಹೇಳಿ, ಈಗ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿದ್ದೇನೆ. ಅದೂ ಸುಮ್ಮನೆ ಬರಲಿಲ್ಲ.

ತಕ್ಕಡಿ ವಾಪಸು ಕೊಟ್ಟ ಆ ವಾರವೇ ಚಿಕ್ಕಣ್ಣನಿಗೆ ಹೇಳಲು ಕೊನೆಯ ಸಲ ಹಿರಿಯೂರಿಗೆ ಹೋಗಿದ್ದೆ. ಅವನು ಬಯಲಿನಲ್ಲಿ ಮಂದೆ ಮೇಯಿಸುತ್ತಿದ್ದ. ನಡೆದದ್ದನ್ನೆಲ್ಲ ಹೇಳಿದೆ. ಗೋಣಿಯ ಮಾತಿಗೆ ಅವನು ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ.

"ಅವರ ಮಂದೆ, ಅವರ ಭಯ. ನಾನಾಗಿದ್ರೂ ಕಟ್ತಿದ್ನೇನೋ" ಎಂದ. ಆಮೇಲೆ, ಬಹಳ ದಿನದಿಂದ ಇಟ್ಟುಕೊಂಡಿದ್ದ ಮಾತೆಂಬಂತೆ ಕೇಳಿದ: "ಅದಿರ್ಲಿ ಅವ್ವ. ನಂದು ಒಳ್ಳೆ ಟಗರಾ, ಅಲ್ವಾ? ಅದೊಂದು ಹೇಳು."

ಹೌದು ಎಂದು ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವನ ಮುಖ ಅರಳುತ್ತಿತ್ತು. ಹೋದ ಜೂನಿನಲ್ಲಿ ಹಾಗೇ ತಾನೇ ಹೇಳಿದ್ದೆ.

"ಗೊತ್ತಿಲ್ಲ ದೊಡ್ಡಪ್ಪ" ಎಂದೆ.

"ಒಂದು ವರ್ಷ ತೂಗಿ, ಬರೆದು, ಗೊತ್ತಿಲ್ಲ ಅಂತೀಯ!"

"ಹೂಂ. ಗೊತ್ತಿಲ್ಲ."

ಅವನು ಕೋಲೂರಿಕೊಂಡು ನನ್ನನ್ನೇ ನೋಡುತ್ತ ನಿಂತ. ನಾನೂ ಮುಖ ತಗ್ಗಿಸಲಿಲ್ಲ. ಕೊನೆಗೆ ಅವನು ಮಂದೆಯ ಕಡೆ ತಿರುಗಿದ. ಹೊಸ ಮಳೆಯ ಸುಳಿವಿಗೆ ಎರಡು ಮೂರು ಕುರಿ ಆಗಲೇ ಬೆದೆಗೆ ಬಂದಿದ್ದವು, ಟಗರು ಅವುಗಳ ಹಿಂದೆಯೇ ಸುತ್ತುತ್ತಿತ್ತು.

"ಹಂಗಾದ್ರೆ ಇನ್ನೊಂದು ವರ್ಷ ನೋಡಾಣ" ಎಂದ ಚಿಕ್ಕಣ್ಣ.